ಹಸಿರು ಬಾಗಿಲ ಮುಂದಿನ ಸಾಲು

ನಮ್ಮ ಯಜಮಾನರು ಸಿರಿಲ್ ಪೆಟಿಫರ್ ಕೆಟ್ಟವರಲ್ಲ. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು ನಾನು, ಅಷ್ಟನ್ನು ಯಾವ ಕಟಕಟೆಯಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಆದರೆ ಕಾಗದ ಅಂಚೆಗೆ ಹಾಕಿ ಬನ್ನಿ ಎಂದು ಕಳಿಸಿದರೆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ವಾಪಸ್ಸು ಬರುತ್ತಾರೆ, ಕನ್ನಡಕ ಅಂಚೆಡಬ್ಬಿಯೊಳಗೆ ಇರುತ್ತದೆ. ಇಂಥವರನ್ನು ರೈಲ್ವೆಯವರು ಮೂವತ್ತು ವರ್ಷ ಯಾವ ಕೆಲಸಕ್ಕೆ ಇಟ್ಟುಕೊಂಡಿದ್ದರು ಗೊತ್ತೆ? ಪ್ರಯಾಣಿಕರು ಕಳೆದುಕೊಂಡ ಸಾಮಾನುಗಳನ್ನು ಜೋಪಾನ ಮಾಡುವ ಕೊಠಡಿಗೆ.

ನಿವೃತ್ತಿಯಾದ ಮೇಲೆ ಅವರಿಗೆ ಇದ್ದದ್ದು ಒಂದೇ ಆಸೆ. ಆಲ್ಡರ್‌ಕೋಟ್ ಹೌಸಿನ ದೊಡ್ಡ ದಿವಾನಖಾನೆಯಲ್ಲಿ ಠೀವಿಯಿಂದ ನಿಂತು, ಬಂದವರಿಗೆ ಗೋಡೆಯ ಮೇಲಿನ ಚಿತ್ರಗಳನ್ನು ವಿವರಿಸಬೇಕು. ಊರಿನ ಅರ್ಧ ಜನ ಆ ಬಂಗಲೆಯಲ್ಲಿ ಸಂಬಳವಿಲ್ಲದೆ ಏನಾದರೊಂದು ಸೇವೆ ಮಾಡುತ್ತಾರೆ. ನಾನು ಟೀ ಡೇರೆ ನೋಡಿಕೊಳ್ಳುತ್ತೇನೆ. ಅಲ್ಲಿಯ ವ್ಯವಸ್ಥಾಪಕಿ ಮಿಸ್ ಕ್ರೌಹರ್ಸ್ಟ್ ಇವರಿಗೂ ಒಂದು ವಾರ ಅವಕಾಶ ಕೊಟ್ಟಳು. ಇವರು ಬಂಗಲೆಯ ಒಡೆಯರಾದ ಸರ್ ಲಯನೆಲ್ಲರ ಮುತ್ತಜ್ಜಿಯ ಚಿತ್ರ ತೋರಿಸಿ, "ಈ ಮಹಾನುಭಾವರು ನೌಕಾಪಡೆಯಲ್ಲಿದ್ದು ಎರಡು ಯುದ್ಧ ಗೆದ್ದರು" ಎಂದುಬಿಟ್ಟರು. ಸರ್ ಲಯನೆಲ್ ಹಿಂದೆಯೇ ನಿಂತಿದ್ದರು. ಮನೆಗೆ ಬಂದು, "ಮೀಸೆ ಇತ್ತು ಕಣೇ ವಿನೀ, ನಾನೇನ್ ಮಾಡ್ಲಿ?" ಎಂದು ನನ್ನ ಮುಂದೆ ಗೋಳಾಡಿದರು. ಮರುದಿನ ಅವರನ್ನು ಗಂಟುತೋಟದ ಬಾಗಿಲಿಗೆ ಹಾಕಿದರು. ಅಲ್ಲಿ ಏನು ತಪ್ಪು ಹೇಳಿದರೂ ಕೇಳಿಸಿಕೊಳ್ಳಲು ಯಾರೂ ಬರುತ್ತಿರಲಿಲ್ಲ.

ಆಲ್ಡರ್‌ಕೋಟಿನ ವಿಷಯ ಎತ್ತಿದರೆ ನನ್ನ ಬಾಯಿ ನಿಲ್ಲುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಜೇನಿನ ಬಣ್ಣದ ಕಲ್ಲಿನ ಮನೆ ಅದು. ಸಂಜೆ ಬಿಸಿಲು ಅದರ ಕಿಟಕಿಗಳ ಮೇಲೆ ಬಿದ್ದರೆ ಒಳಗೆ ಮದುವೆ ನಡೆಯುತ್ತಿದೆಯೇನೋ ಅನ್ನಿಸಬೇಕು. ಮುಂದೆ ಒಂದರ ಕೆಳಗೊಂದು ಇಳಿಯುವ ಜಗಲಿಗಳು, ಕಾರಂಜಿ, ಕತ್ತರಿಸಿ ಕತ್ತರಿಸಿ ನವಿಲು, ಗೋಪುರ, ಚದುರಂಗದ ಕಾಯಿ ಮಾಡಿ ನಿಲ್ಲಿಸಿದ ಯೂ ಮರಗಳು. ಮುನ್ನೂರು ವರ್ಷದಿಂದ ಅಲ್ಲಿ ಒಂದೇ ಒಂದು ಎಲೆ ತನ್ನಿಷ್ಟಕ್ಕೆ ಬೆಳೆದದ್ದಿಲ್ಲ. ಅದನ್ನು ನೋಡಿದವರು ಅಲ್ಲೇ ಬಾಯಿ ಬಿಟ್ಟುಕೊಂಡು ನಿಂತುಬಿಡುತ್ತಾರೆ, ಆಚೆಗೆ ಹೋಗುವುದೇ ಇಲ್ಲ.

ಆಚೆಗೆ, ತರಕಾರಿ ತೋಟವನ್ನು ಬಳಸಿ ಹೋದರೆ, ಒಂದು ಎತ್ತರದ ಇಟ್ಟಿಗೆ ಗೋಡೆ. ಗೋಡೆಗೊಂದು ಹಸಿರು ಬಾಗಿಲು. ಒಳಗಿರುವುದೇ ಗಂಟುತೋಟ. ಬಾಕ್ಸ್ ಎಂಬ ಪುಟ್ಟೆಲೆಯ ಗಿಡಗಳ ಮೊಣಕಾಲೆತ್ತರದ ಬೇಲಿಗಳು ಕಸೂತಿ ದಾರದ ಹಾಗೆ ಒಂದರ ಮೇಲೊಂದು ಹಾದು, ಒಂದರ ಕೆಳಗೊಂದು ನುಸುಳಿ, ಸುತ್ತಿ ಸುತ್ತಿ ಗಂಟು ಹಾಕಿಕೊಂಡಿರುತ್ತವೆ. ಬೇಲಿ ನೆಲದಲ್ಲಿ ಬೇರು ಬಿಟ್ಟುಕೊಂಡು ನಿಂತದ್ದು, ಅದು ಎಲ್ಲಿ ನುಸುಳುತ್ತದೆ? ನುಸುಳಿದ ಹಾಗೆ ಕಾಣಬೇಕಾದರೆ ಪ್ರತಿ ತಿರುವಿನಲ್ಲೂ ಒಂದನ್ನು ಅರ್ಧ ಬೆರಳು ತಗ್ಗಿಸಿ, ಇನ್ನೊಂದನ್ನು ಅರ್ಧ ಬೆರಳು ಉಬ್ಬಿಸಿ ಕತ್ತರಿಸಬೇಕು. ಅದನ್ನು ಮಾಡುತ್ತಿದ್ದವನು ಆಂಬ್ರೋಸ್ ಟಲ್ಲಿ. ನಲವತ್ತೊಂದು ವರ್ಷ, ಬರೀ ಕೈಗತ್ತರಿಯಲ್ಲಿ, ಮಂಡಿಯ ಕೆಳಗೊಂದು ಗೋಣಿತಟ್ಟು ಹಾಕಿಕೊಂಡು. ಹಿಂದಿನ ಗಾಜಿನಮನೆಯ ಕಡೆಯಿಂದ ಬಗ್ಗಿಕೊಂಡು ಬರುವುದು, ಬಗ್ಗಿಕೊಂಡೇ ಕೆಲಸ ಮಾಡುವುದು, ಬಗ್ಗಿಕೊಂಡೇ ಹೋಗುವುದು. ಹೆಂಡತಿ ತೀರಿಕೊಂಡ ವಾರವೂ ಬಂದಿದ್ದ. "ಚಿಗುರು ನಿಲ್ಲಲ್ವಲ್ಲ ವಿನಿ" ಎಂದಿದ್ದ.

ಆ ವರ್ಷ ಪ್ರವಾಸಿ ಬಸ್ಸುಗಳು ಹೆಚ್ಚಾದವು. ಮಿಸ್ ಕ್ರೌಹರ್ಸ್ಟ್ ಒಂದು ನಕ್ಷೆ ಬಿಡಿಸಿಕೊಂಡು ಬಂದಳು. "ಗಂಟುತೋಟ ನೋಡೋಕೆ ಯಾರ್ ಸರ್ ಬರ್ತಾರೆ? ಅಗೆದು ಜಲ್ಲಿ ಹಾಕ್ಸಿದ್ರೆ ಎಂಟು ಬಸ್ಸು ನಿಲ್ಲತ್ತೆ" ಎಂದಳು. ಸರ್ ಲಯನೆಲ್ ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. "ಜೂನಲ್ಲಿ ತೋಟ ತೆರೆದಿಡೋ ಭಾನುವಾರ ಊರೆಲ್ಲಾ ಬರತ್ತಲ್ಲ, ಅವತ್ತು ಮೂರು ಗಂಟೆಗೆ ನಾನೇ ಗಂಟುತೋಟಕ್ಕೆ ಹೋಗಿ ನೋಡ್ತೀನಿ. ಒಂದು ನರಪಿಳ್ಳೆನೂ ಇಲ್ದಿದ್ರೆ ಸೋಮವಾರ ಅಗೆಸಿ" ಎಂದರು. ಅವರು ಹೇಳುವ ಮೊದಲೇ ಆಕೆ ಅಗೆಯುವ ಯಂತ್ರ ತರಿಸಿ ಕುದುರೆಲಾಯದ ಹಿಂದೆ ನಿಲ್ಲಿಸಿದ್ದಳು. ಹಳದಿ ಬಣ್ಣದ್ದು. ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ಆಂಬ್ರೋಸ್ ಶನಿವಾರ ಟೀ ಡೇರೆಗೆ ಬಂದ. ಅರ್ಧ ಕಪ್ಪು ಕುಡಿದು ಇಟ್ಟ. "ಬಸ್ಸಿನ ಎಣ್ಣೆ ಸೋರತ್ತೆ ಅದರ ಮೇಲೆ" ಎಂದ, ಅಷ್ಟೇ. ಪಕ್ಕದಲ್ಲಿದ್ದ ನಮ್ಮೆಜಮಾನರು ಅವನ ಬೆನ್ನು ತಟ್ಟಿ, "ಏನೂ ಯೋಚ್ನೆ ಮಾಡ್ಬೇಡ ಆಂಬ್ರೋಸ್. ನಾಳೆ ಬಾಗಿಲು ನನ್ನ ಕೈಲಿದೆ. ನಾನು ಜನಾನ ಕರೆದು ಕರೆದು ಒಳಗೆ ಕಳಿಸ್ತೀನಿ" ಎಂದರು. ಅಲ್ಲಿಯವರೆಗೆ ನನಗೆ ಬರೀ ದುಃಖವಿತ್ತು, ಇದನ್ನು ಕೇಳಿ ಭಯವೂ ಆಯಿತು.

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಅವರು ನನ್ನ ಡೇರೆಯೊಳಗೆ ನುಗ್ಗಿ, ಹಳೆಯ ಕಂದು ಕೋಟನ್ನು ಕಳಚಿ ಗೂಟಕ್ಕೆ ನೇತುಹಾಕಿ, ಹಿತ್ತಾಳೆ ಗುಂಡಿಯ ಹೊಸ ನೀಲಿ ಕೋಟು ತೊಟ್ಟುಕೊಂಡರು.

"ಇದ್ಯಾವಾಗ ತಂದ್ರಿ? ಹಳೇದಕ್ಕೇನಾಗಿತ್ತು?"

"ದಿವಾನಖಾನೆಯವರೆಲ್ಲ ಇಂಥದ್ದೇ ಹಾಕೋದು ಕಣೇ. ಸರ್ ಲಯನೆಲ್ ಬರೋ ಹೊತ್ತಿಗೆ ನಾನು ಒಬ್ಬ ಮನುಷ್ಯ ಅಂತ ಕಾಣ್ಬೇಡ್ವಾ?"

ಕನ್ನಡಿ ಇಲ್ಲದ್ದಕ್ಕೆ ನನ್ನ ಟೀ ಕೊಳಗದಲ್ಲಿ ಮುಖ ನೋಡಿಕೊಂಡು ಹೊರಟುಹೋದರು. ಮುಂದೆ ನಡೆದದ್ದನ್ನು ನಾನು ಆಮೇಲೆ ಹತ್ತಾರು ಜನರ ಬಾಯಿಂದ ಕೇಳಿ ಜೋಡಿಸಿಕೊಂಡದ್ದು.

ಹಸಿರು ಬಾಗಿಲ ಮುಂದೆ ನಿಂತು ಜೇಬಿಗೆ ಕೈ ಹಾಕಿದರೆ ಕೀಲಿಕೈ ಇಲ್ಲ. ನಾಲ್ಕು ಜೇಬೂ ನೋಡಿದರು. ಟೋಪಿ ತೆಗೆದು ಅದರೊಳಗೂ ನೋಡಿದರು. ವಾಪಸ್ಸು ಡೇರೆಗೆ ಬಂದು ಕೇಳಬಹುದಿತ್ತು. ಆದರೆ ನನ್ನ ಮುಖ ನೆನಪಾಯಿತಂತೆ. ಹಾಗಾಗಿ ಕೈ ಹಿಂದಕ್ಕೆ ಕಟ್ಟಿಕೊಂಡು, ಮುಚ್ಚಿದ ಬಾಗಿಲಿಗೆ ಮುಖ ಮಾಡಿ, ಒಳಗಿನಿಂದ ಯಾರೋ ತೆಗೆಯುತ್ತಾರೆ ಎಂಬಂತೆ ಗಂಭೀರವಾಗಿ ನಿಂತರು. ಸ್ವಲ್ಪ ಹೊತ್ತು ನಿಂತರೆ ಏನಾದರೂ ಹೊಳೆಯುತ್ತದೆ ಎಂಬುದು ಅವರ ಲೆಕ್ಕಾಚಾರ. ಅವರಿಗೆ ಏನೂ ಹೊಳೆಯಲಿಲ್ಲ, ಬದಲಿಗೆ ಗ್ರಿಂಡ್ಲೆ ದಂಪತಿಗಳು ಬಂದರು.

"ಕ್ಷಮಿಸಿ, ಕ್ಯೂ ಇಲ್ಲಿಂದಾನಾ?" ಎಂದು ಮಿಸೆಸ್ ಗ್ರಿಂಡ್ಲೆ ಕೇಳಿದಳು.

ಅಪರಿಚಿತ ಹೆಂಗಸಿಗೆ ಇಲ್ಲ ಎನ್ನುವುದು ಒರಟುತನ. "ಹಾಗಂತಾನೇ ಅಂದ್ಕೋಬಹುದು" ಎಂದರು ನಮ್ಮವರು.

"ತುಂಬಾ ಹೊತ್ತಾಗತ್ತಾ?"

"ಅದನ್ನ ಹೇಳೋಕಾಗಲ್ಲಮ್ಮಾ."

"ಕೇಳಿದ್ಯಾ ಹೆರಾಲ್ಡ್? ಹೇಳೋಕೇ ಆಗಲ್ವಂತೆ. ಅಲ್ಲಾಡ್ಬೇಡ, ನಿಂತ್ಕೋ."

ಮೂರು ಜನ ಒಬ್ಬರ ಹಿಂದೊಬ್ಬರು ನಿಂತರೆ ಸಾಕು, ಇಂಗ್ಲೆಂಡಿನಲ್ಲಿ ಅದೊಂದು ಸಂಸ್ಥೆಯಾಗಿಬಿಡುತ್ತದೆ. ಯುದ್ಧಕ್ಕೆ ಹೋಗಿ ಎಂದರೆ ನಮ್ಮ ಜನ ಯಾಕೆ ಎಂದು ಕೇಳಿಯಾರು, ಸಾಲು ಕಂಡರೆ ಕೇಳುವುದಿಲ್ಲ. ಕೇಳಿದರೆ ತನಗೊಬ್ಬನಿಗೇ ಗೊತ್ತಿಲ್ಲ ಎಂಬುದು ಬಯಲಾಗುತ್ತದಲ್ಲ! ಒಂದೂವರೆಗೆ ಇಪ್ಪತ್ತು ಜನ. ಎರಡಕ್ಕೆ ಎಪ್ಪತ್ತು. ನೂರು ವರ್ಷಕ್ಕೊಮ್ಮೆ ಅರಳುವ ಹೂವಂತೆ ಎಂದು ಒಬ್ಬರು, ರಾಣಿಯೊಬ್ಬಳು ಬಚ್ಚಿಟ್ಟುಕೊಂಡಿದ್ದ ಜಾಗವಂತೆ ಎಂದು ಇನ್ನೊಬ್ಬರು. ನಮ್ಮ ಪಾದ್ರಿ ಹಾಲಿಸ್ ಅವರಂತೂ ಅದು ಶೌಚಾಲಯದ ಸಾಲೆಂದು ನಂಬಿ, ಕಾಲು ಬದಲಿಸುತ್ತ, ಆಕಾಶ ನೋಡುತ್ತ ಎರಡು ಗಂಟೆ ಹೊತ್ತು ನಿಂತಿದ್ದರು. ಗೋಡೆಗೆ ಹಿಂದೆ, ಗಾಜಿನಮನೆಯ ಕಡೆ, ಇನ್ನೊಂದು ಬಾಗಿಲಿದೆಯಲ್ಲ ಎಂದು ಯಾರೋ ಮೆಲ್ಲಗೆ ಹೇಳಿದ್ದಕ್ಕೆ, "ಅಲ್ಲಿ ಕೆಲಸದವರಿಗೆ ಮಾತ್ರ ಅಂತ ಬೋರ್ಡಿದೆ ಸ್ವಾಮಿ!" ಎಂದು ಹತ್ತು ಜನ ಒಟ್ಟಿಗೆ ಬೈದರಂತೆ.

ಇತ್ತ ನನ್ನ ಡೇರೆ ಬಿಕೋ ಎನ್ನುತ್ತಿತ್ತು. ಬೆಳಗ್ಗೆ ಐದಕ್ಕೆ ಎದ್ದು ಬೇಕ್ ಮಾಡಿದ ಇನ್ನೂರು ಸ್ಕೋನ್ ಬನ್ನು, ಎರಡು ಪಾತ್ರೆ ಗಟ್ಟಿ ಕೆನೆ, ಸ್ಟ್ರಾಬೆರಿ ಜಾಮು. ತಿನ್ನಲು ಬಂದದ್ದು ಒಂದು ನಾಯಿ. ಕೋಪಕ್ಕೆ ಏನು ಮಾಡಲೂ ತೋಚದೆ ಗೂಟದಲ್ಲಿದ್ದ ಕಂದು ಕೋಟನ್ನಾದರೂ ಮಡಿಸಿಡೋಣ ಎಂದು ತೆಗೆದೆ. ಭಾರವಾಗಿತ್ತು. ಎಡ ಜೇಬಿನಲ್ಲಿ ಅಂಗೈ ಉದ್ದದ ಕಬ್ಬಿಣದ ಕೀಲಿಕೈ! ಗಡಿಯಾರ ನೋಡಿದೆ, ಎರಡೂಮುಕ್ಕಾಲು. ತೋಟದ ಬಾಗಿಲಿಗೆ ಬೀಗ ಬಿದ್ದಿದೆ, ಮೂರಕ್ಕೆ ಸರ್ ಲಯನೆಲ್ ಬರುತ್ತಾರೆ, ಒಳಗೆ ಒಂದು ನರಪಿಳ್ಳೆ ಇಲ್ಲ. ಏಪ್ರನ್ನಿನಲ್ಲೇ ಓಡಿದೆ.

ಓಡಿದವಳು ಕಾರಂಜಿಯ ಹತ್ತಿರ ಗಕ್ಕನೆ ನಿಂತೆ. ಸಾಲು ಕಾರಂಜಿಯನ್ನು ಒಂದು ಸುತ್ತು ಹಾಕಿ, ಯೂ ನವಿಲುಗಳ ನಡುವೆ ಹಾದು, ತರಕಾರಿ ತೋಟದ ಮೂಲೆಯಲ್ಲಿ ತಿರುಗಿ ಮಾಯವಾಗಿತ್ತು. ಪಕ್ಕದಲ್ಲಿ ನುಗ್ಗಿಕೊಂಡು ಮುಂದೆ ಹೊರಟೆ.

"ಏನಮ್ಮಾ! ಸಾಲಿನ ಬಾಲ ಹಿಂದಿದೆ!" ನಿವೃತ್ತ ಮೇಜರ್ ಬ್ಲೆಂಕಿನ್, ಕೋಲು ಅಡ್ಡ ಹಿಡಿದು.

"ನನ್ನ ಹತ್ರ ಕೀಲಿಕೈ ಇದೆ ಕಣ್ರೀ!"

"ಇರ್ಲಿ. ಕೀಲಿಕೈ ಇರೋರಿಗೆ ಬೇರೆ ಕ್ಯೂ ಇಲ್ಲ."

"ಅಯ್ಯೋ, ಬಾಗಿಲು ತೆಗೀಬೇಕು! ಮುಂದೆ ನಮ್ಮೆಜಮಾನ್ರು ನಿಂತಿದಾರೆ!"

"ಓಹೋ! ಗಂಡನ್ನ ಮುಂದೆ ನಿಲ್ಸಿ ಜಾಗ ಹಿಡಿಸಿದೀರೋ? ನೋಡಿದ್ರೇನ್ರೀ ಇವರನ್ನ! ಟೀ ಕೊಡೋ ಹೆಂಗಸು ಬೇರೆ!"

ಸಾಲಿಗೆ ಸಾಲೇ "ಚೆ ಚೆ" ಎಂದಿತು. ನಮ್ಮೂರಲ್ಲಿ ಚೆ ಚೆ ಎನ್ನಿಸಿಕೊಂಡವರು ಊರು ಬಿಡುವುದುಂಟು. ನಾನೂ ಅದೇ ನೀರು ಕುಡಿದವಳಲ್ಲವೇ, ಕಾಲು ತನ್ನಷ್ಟಕ್ಕೇ ತಿರುಗಿತು. ಹೋಗಿ ಬಾಲದಲ್ಲಿ ನಿಂತೆ.

ನನ್ನ ಮುಂದೆ ನಿಂತಿದ್ದವನು ತಿರುಗಿದ. ಆಂಬ್ರೋಸ್! ಚರ್ಚಿಗೆ ಹಾಕುವ ಕರಿ ಕೋಟು, ಕೈಯಲ್ಲಿ ಟೋಪಿ.

"ನೀನಿಲ್ಲೇನ್ ಮಾಡ್ತಿದೀಯೋ?"

"ಅದೇನೋ ಭಾರಿ ಚೆನ್ನಾಗಿದೆಯಂತೆ ವಿನಿ. ನಾಳೆಯಿಂದ ಹೆಂಗೂ ನಂಗಿಲ್ಲಿ ಕೆಲ್ಸ ಇಲ್ಲ. ಜನ ನೋಡೋದನ್ನ ನಾನೂ ಒಂದ್ಸಲ ನೋಡ್ಕೊಂಡು ಹೋಗಣ ಅಂತ."

"ಲೋ ಪೆದ್ದಪ್ಪಾ, ಇದು ನಿನ್ನ ಗಂಟುತೋಟದ ಸಾಲು ಕಣೋ!"

ಅವನು ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದ. "ಇವತ್ತೊಂದಿನ ತಮಾಷೆ ಮಾಡ್ಬೇಡ" ಎಂದು ಮುಖ ತಿರುಗಿಸಿಕೊಂಡ. ಅವನಿಗೆ ನೋವಾಗಿತ್ತು. ನಾನು ಎಷ್ಟು ಆಣೆ ಹಾಕಿದರೂ ನಂಬಲಿಲ್ಲ.

ಅಷ್ಟರಲ್ಲಿ ಮೂರು ಹೊಡೆಯಿತು. ಸರ್ ಲಯನೆಲ್ ಮತ್ತು ಮಿಸ್ ಕ್ರೌಹರ್ಸ್ಟ್ ಮೆಟ್ಟಿಲಿಳಿದು ಬಂದರು. ಸಾಲು ಎಲ್ಲಿಗೆ ಎಂದು ಸರ್ ಲಯನೆಲ್ ನನ್ನನ್ನೇ ಕೇಳಿದರು. ಹೇಳಿದೆ. ಮಿಸ್ ಕ್ರೌಹರ್ಸ್ಟಳ ಬಾಯಿ ತೆರೆದದ್ದು ಮುಚ್ಚಲಿಲ್ಲ. ಸರ್ ಲಯನೆಲ್ ನನ್ನ ಹಿಂದೆ ನಿಂತರು.

"ಸರ್, ಏನಿದು? ಮುಂದೆ ಹೋಗಣ ಬನ್ನಿ. ಇದು ನಿಮ್ಮ ತೋಟ!"

"ತೋಟ ನನ್ನದು, ಸರಿ. ಸಾಲು ಅವರದ್ದಲ್ವಾ ಮಿಸ್ ಕ್ರೌಹರ್ಸ್ಟ್?" ಎಂದರು ಅವರು ಗಾಬರಿಯಿಂದ. "ನೀವೂ ನಿಂತ್ಕೊಳ್ಳಿ. ಜನ ನೋಡ್ತಿದಾರೆ."

ಆಗ ನನಗೊಂದು ಉಪಾಯ ಹೊಳೆಯಿತು. ಮನುಷ್ಯರು ಮುಂದೆ ಹೋಗಬಾರದು, ಸಾಮಾನು ಹೋಗಬಹುದಲ್ಲ? ಕೀಲಿಕೈಯನ್ನು ಕೈಯಿಂದ ಕೈಗೆ ದಾಟಿಸಿ ಎಂದೆ. ಮೇಜರ್ ಬ್ಲೆಂಕಿನ್ ಕಣ್ಣು ಮುಚ್ಚಿ ಬಹಳ ಯೋಚಿಸಿ, ಇದರಲ್ಲಿ ನಿಯಮಭಂಗವಿಲ್ಲ ಎಂದು ತೀರ್ಪು ಕೊಟ್ಟರು. ಇನ್ನೂರು ಜನರ ಕೈ ದಾಟಬೇಕು, ಕೊಡುವವರು "ಕ್ಷಮಿಸಿ", ತೆಗೆದುಕೊಳ್ಳುವವರು "ಧನ್ಯವಾದ", ಮತ್ತೆ ಕೊಟ್ಟವರು "ಅದಕ್ಕೇನಂತೆ". ಹೀಗೆ ಹೋಗಿ ಹೋಗಿ ಹೆರಾಲ್ಡ್ ಗ್ರಿಂಡ್ಲೆಯ ಕೈ ಸೇರಿತು. ಅವನು ನಮ್ಮವರ ಭುಜ ತಟ್ಟಿ, "ಇದು ನಿಮ್ಮದಾ?" ಎಂದ.

ನಮ್ಮವರು ಮೂವತ್ತು ವರ್ಷ ಕಳೆದುಹೋದ ಸಾಮಾನು ಕಾದವರು. ಆ ಪ್ರಶ್ನೆ ಕೇಳಿದ್ದೇ ತಡ, ಬೆನ್ನು ನೆಟ್ಟಗಾಯಿತು. "ನೋಡಿ, ಸಿಕ್ಕಿದ ವಸ್ತುನ ಹಾಗೆಲ್ಲ ಯಾರ್ಯಾರಿಗೋ ಕೊಡೋ ಹಾಗಿಲ್ಲ. ಕಳ್ಕೊಂಡೋರು ಗುರುತು ಹೇಳ್ಬೇಕು. ಹಿಂದಕ್ಕೆ ಕಳ್ಸಿ, ವಿಚಾರಿಸಿ" ಎಂದರು. ಕೀಲಿಕೈ ವಾಪಸ್ಸು ಹೊರಟಿತು. ಇನ್ನೂರು ಕ್ಷಮಿಸಿ, ಇನ್ನೂರು ಧನ್ಯವಾದ.

ಮೂರೂವರೆಗೆ ಅದು ನನ್ನ ಕೈಗೇ ಬಂದು ಬಿದ್ದಾಗ ನನ್ನ ಬಾಯಿಂದ ಬಂದ ಮಾತನ್ನು ಪಾದ್ರಿಗಳ ಊರಿನಲ್ಲಿ ಬರೆಯುವ ಹಾಗಿಲ್ಲ. ಸರ್ ಲಯನೆಲ್ ಕೂಡ ಕೆಮ್ಮಿದರು. ನಾನು ಏಪ್ರನ್ನು ಬಿಚ್ಚಿ, ಕೀಲಿಕೈಯನ್ನು ಅದರಲ್ಲಿ ಬಿಗಿದು ಕಟ್ಟಿ ಮತ್ತೆ ಕಳಿಸಿದೆ. ಎಷ್ಟೇ ಮರೆವಿದ್ದರೂ ನಮ್ಮವರು ಆ ಏಪ್ರನ್ನನ್ನು ಕಂಡರೆ ಬೆಚ್ಚುತ್ತಾರೆ. ಬೆಚ್ಚಿದರು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಹಸಿರು ಬಾಗಿಲು ಕಿರ್ರೆಂದು ತೆರೆಯಿತು.

ಒಂದು ಸಲಕ್ಕೆ ಇಪ್ಪತ್ತು ಜನರನ್ನು ಬಿಟ್ಟರು. ಮುಂದೆ ಕರಗಿದಷ್ಟೂ ಸಾಲು ಹಿಂದೆ ಬೆಳೆಯುತ್ತಿತ್ತು. ಎರಡೂವರೆ ಗಂಟೆ ನಿಂತವರಿಗೆ ಎದುರಿಗೆ ಕಂಡದ್ದು ಮೊಣಕಾಲೆತ್ತರದ ಹಸಿರು ಬೇಲಿ! ಚೆನ್ನಾಗಿಲ್ಲ ಎಂದರೆ ನಿಂತದ್ದು ದಂಡ. ಹಾಗಾಗಿ ಎಲ್ಲರೂ ಮರ್ಯಾದೆಗೆ ತಲೆದೂಗಿದರು. ತಲೆದೂಗಿದವರು ನೋಡಿದರು. ನೋಡಿದವರಿಗೆ ನಿಧಾನಕ್ಕೆ ಕಾಣತೊಡಗಿತು.

"ಹೆರಾಲ್ಡ್, ಇಲ್ಲಿ ಬಾ! ಈ ಬೇಲಿ ಹೋಗಿ ಅದರ ಕೆಳಗೆ ನುಸುಳಿ ಈ ಕಡೆ ಎದ್ದಿದೆ ನೋಡು! ಇಲ್ಲ, ಬೆರಳಿಟ್ಟು ನೋಡು, ಎಲ್ಲೂ ನುಸುಳಿಲ್ಲ! ಅಬ್ಬಬ್ಬಾ, ಯಾರಪ್ಪಾ ಮಾಡಿದ್ದು ಇದನ್ನ?"

ಹೊರಗೆ ಬಂದವರ ಮುಖಗಳೇ ಬೇರೆಯಾಗಿದ್ದವು. ಪಾದ್ರಿ ಹಾಲಿಸ್, "ನಾನು ಯಾಕೆ ಬಂದಿದ್ದೆ ಅನ್ನೋದೇ ಮರ್ತ್ಹೋಯ್ತು" ಎನ್ನುತ್ತ ಹೋದವರು ನಾಲ್ಕು ಹೆಜ್ಜೆಗೆ ನೆನಪಾಗಿ ಓಡಿದರು. ಮೇಜರ್ ಬ್ಲೆಂಕಿನ್ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು, "ಧೂಳು" ಎಂದರು. ಧೂಳೇನೂ ಇರಲಿಲ್ಲ.

ಮಿಸ್ ಕ್ರೌಹರ್ಸ್ಟ್ ಕೊನೆಯ ಪ್ರಯತ್ನ ಮಾಡಿದಳು. "ಸರ್, ಇವರೆಲ್ಲ ಏನೂ ಗೊತ್ತಿಲ್ದೆ ನಿಂತೋರು. ನಾಳೆ ಯಂತ್ರ ಶುರು ಮಾಡ್ಲಾ?"

ಜನ್ಮದಲ್ಲಿ ಯಾರಿಗೂ ಇಲ್ಲ ಎನ್ನದ ಸರ್ ಲಯನೆಲ್ ಸಾಲನ್ನು ನೋಡಿದರು, ತಮ್ಮ ನೋಯುತ್ತಿದ್ದ ಕಾಲನ್ನು ನೋಡಿಕೊಂಡರು. "ಒಂದೂವರೆ ಗಂಟೆ ಹೊತ್ತು ನಿಂತಿದೀನಿ ಮಿಸ್ ಕ್ರೌಹರ್ಸ್ಟ್. ಇವರು ನನಗಿಂತ ಜಾಸ್ತಿ ನಿಂತೋರು. ನಿಂತು ನೋಡಿದ್ದನ್ನ ನಾಳೆ ಅಗೆದು ಹಾಕ್ತೀವಿ ಅಂತ ಇವರಿಗೆ ಹೇಳೋ ಧೈರ್ಯ ಇದ್ರೆ ಹೇಳಿ. ನಾನಂತೂ ಹೇಳಲ್ಲ. ಯಂತ್ರ ವಾಪಸ್ ಕಳಿಸಿ."

ಆಕೆ ಇನ್ನೂರು ಮುಖಗಳನ್ನೂ ಮೇಜರರ ಕೋಲನ್ನೂ ನೋಡಿ ನಕ್ಷೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ನಾನು ಸಂತೋಷಕ್ಕೆ ಸರ್ ಲಯನೆಲ್ಲರ ಕೈ ಹಿಡಿದು ಕುಲುಕಿದೆ, ಜಾಮು ಅಂಟಿತು, ಅವರು ಧನ್ಯವಾದ ಎಂದರು.

ಆಂಬ್ರೋಸ್ ಇದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಸಾಲು ತರಕಾರಿ ತೋಟದ ಮೂಲೆ ತಿರುಗಿ ಇಟ್ಟಿಗೆ ಗೋಡೆ ಕಂಡಾಗಿನಿಂದ ಅವನು ಮುಂದಿದ್ದವರ ತಲೆಗಳನ್ನೇ ಎಣಿಸುತ್ತಿದ್ದ. ನಮ್ಮ ಸರದಿ ಬಂತು. ಹಸಿರು ಬಾಗಿಲ ಒಳಗೆ ಮೂರು ಮೆಟ್ಟಿಲಿವೆ. ಅವುಗಳ ಮೇಲೆ ನಿಂತರೆ ಮಾತ್ರ ಇಡೀ ಗಂಟು ಒಟ್ಟಿಗೆ ಕಾಣುವುದು. ಹಿಂದಿನಿಂದ ಬಗ್ಗಿ ಬಂದು ಬಗ್ಗಿಯೇ ಹೋಗುತ್ತಿದ್ದ ಮನುಷ್ಯ ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ಆ ಮೆಟ್ಟಿಲ ಮೇಲೆ ನಿಂತಿರಲಿಲ್ಲ. ಈಗ ನಿಂತ. ನೆಟ್ಟಗೆ ನಿಂತ. ಅವನು ಇಷ್ಟು ಎತ್ತರ ಎಂದು ನನಗೆ ಗೊತ್ತೇ ಇರಲಿಲ್ಲ.

ಕರಿ ಕೋಟಿನಲ್ಲಿ ಅವನ ಗುರುತು ಹತ್ತದೆ ನಮ್ಮೆಜಮಾನರು ತಮ್ಮ ದಿವಾನಖಾನೆಯ ದನಿ ತೆಗೆದರು. "ಬನ್ನಿ ಸ್ವಾಮಿ, ನೋಡಿ. ಇದನ್ನ ನಲ್ವತ್ತೊಂದು ವರ್ಷದಿಂದ ಒಬ್ಬನೇ ಮನುಷ್ಯ ಕಾಪಾಡ್ಕೊಂಡು ಬಂದಿರೋದು. ಬರೀ ಕೈಗತ್ತರಿ, ಬೇರೇನಿಲ್ಲ. ಇಂಥ ಕೈ ಈ ದೇಶದಲ್ಲಿ ಇನ್ನೊಂದಿಲ್ಲ."

ಅವರ ಜೀವಮಾನದಲ್ಲಿ ಒಂದೂ ತಪ್ಪಿಲ್ಲದೆ ವಿವರಿಸಿದ್ದು ಅದೊಂದೇ.

"ಹೌದಾ?" ಎಂದ ಆಂಬ್ರೋಸ್.

"ಹೌದು ಸ್ವಾಮಿ. ದಯವಿಟ್ಟು ಮುಂದೆ ನಡೀರಿ, ಹಿಂದೆ ಜನ ಇದಾರೆ."

ನಡೆದ. ಒಂದು ಸುತ್ತು ಹಾಕಿ ಹೊರಗೆ ಬಂದ. ಸ್ಕೋನ್ ತಿನ್ನು ಬಾ ಎಂದು ಕರೆಯಲು ನಾನು ತಿರುಗಿದರೆ ಆಸಾಮಿ ಇಲ್ಲ. ಹುಡುಕಿಕೊಂಡು ಹೋದೆ. ಕಾರಂಜಿಯ ಹತ್ತಿರ, ಸಾಲಿನ ಬಾಲದಲ್ಲಿ, ಟೋಪಿ ಹಿಡಿದು ಮತ್ತೆ ನಿಂತಿದ್ದ.

"ಲೋ, ನಿನ್ನದೇ ತೋಟ ಕಣೋ! ಹಿಂದಿನ ಬಾಗಿಲಿಂದ ಹೋಗ್ಬಾರ್ದಾ?"

"ಬೇಡ ವಿನಿ" ಎಂದ. "ಆ ಕಡೆಯಿಂದ ಹೋದ್ರೆ ಕಾಣಲ್ಲ."

ಅವನ ಹಿಂದೆ ಆಗಲೇ ನಾಲ್ಕು ಜನ ಬಂದು ನಿಂತಿದ್ದರು.